18 ಜನವರಿ 2025, ಶನಿವಾರ: ನಾಗಾರ್ಜುನಕೊಂಡ, ಅಮ್ಮ, ವರದೆ ನೀರು

ರಾತ್ರಿ ಹನ್ನೊಂದು ದಾಟಿದೆ. ಅಮ್ಮ ಪಕ್ಕದ ರೂಮಲ್ಲಿ ಮಲಗಿದಾಳೆ, ನಿದ್ದೆ ಬಂದಿದೆಯೋ ಇಲ್ವೋ. ಇವತ್ತು ಬರೆಯೋ ಯೋಚನೆ ಇರ್ಲಿಲ್ಲ, ಕಾಲು ಬೇರೆ ನೋಯ್ತಿದೆ, ಆದ್ರೆ ಕಣ್ಣು ಮುಚ್ಚಿದ್ರೆ ಅವಳು ದೋಣೀಲಿ ಕೇಳಿದ ಮಾತೇ ಕೇಳ್ತಾ ಇದೆ.

ತಮ್ಮನ ಮನೆಗೆ ಬಂದು ಹತ್ತು ದಿನ ಆಯ್ತು. ಅಮ್ಮಂಗೆ ಈ ಹೈದರಾಬಾದಿನ ಫ್ಲ್ಯಾಟಲ್ಲಿ ಹೊತ್ತೇ ಹೋಗಲ್ಲ, ಬಾಲ್ಕನೀಲಿ ನಿಂತು ಕೆಳಗಿನ ಪಾರ್ಕಿಂಗ್ ನೋಡ್ತಾಳೆ, ಒಳಗೆ ಬರ್ತಾಳೆ, ಮತ್ತೆ ಹೋಗಿ ನಿಲ್ತಾಳೆ. ಅದನ್ನ ನೋಡಿ ತಮ್ಮ ನಮ್ಮಿಬ್ರಿಗೂ ಒಂದು ದಿನದ ಟೂರ್ ಬುಕ್ ಮಾಡಿದ. ಬಸ್ಸಲ್ಲಿ ನಾಗಾರ್ಜುನ ಸಾಗರ, ಅಲ್ಲಿಂದ ದೋಣಿ, ನಾಗಾರ್ಜುನಕೊಂಡ ಅನ್ನೋ ದ್ವೀಪದ ಮೇಲೆ ಹಳೇ ಬೌದ್ಧ ಸ್ತೂಪಗಳು, ಮ್ಯೂಸಿಯಂ, ಜೊತೆಗೆ ಗೈಡ್. ನಂಗೆ ಆ ಸ್ತೂಪಗಳನ್ನ ನೋಡೋ ಆಸೆ ಎಷ್ಟೋ ವರ್ಷದ್ದು. ಅಮ್ಮ "ನೀರಾದ್ರೂ ಕಾಣತ್ತಲ್ಲ, ನಡಿ" ಅಂದ್ಲು. ಅವಳನ್ನ ಎಂಥಾ ಜಾಗಕ್ಕೆ ಕರ್ಕೊಂಡು ಹೋಗ್ತಿದೀನಿ ಅಂತ ನಂಗೆ ಹೊಳೀಲೇ ಇಲ್ಲ. ಮುಳುಗಡೆ ಕಂಡವಳನ್ನ ಇನ್ನೊಂದು ಮುಳುಗಡೆ ತೋರ್ಸೋಕೆ ಕರ್ಕೊಂಡು ಹೋಗಿದ್ದು ನಾನು.

ದೋಣಿ ಹೊರಟು ಹತ್ತು ನಿಮಿಷ ಆಗಿರ್ಬೇಕು. ಗೈಡ್ ಹುಡುಗ ಮೈಕ್ ಹಿಡ್ಕೊಂಡು ತೆಲುಗು ಹಿಂದಿ ಎರಡೂ ಬೆರೆಸಿ ಹೇಳ್ತಿದ್ದ, ನಾನು ಅಮ್ಮನ ಕಿವೀಲಿ ಕನ್ನಡ ಮಾಡಿ ಹೇಳ್ತಿದ್ದೆ. ಇಲ್ಲಿ ಮೂರನೇ ಶತಮಾನದಲ್ಲಿ ಇಕ್ಷ್ವಾಕು ರಾಜರ ರಾಜಧಾನಿ ಇತ್ತು, ವಿಜಯಪುರಿ ಅಂತ ಹೆಸರು, ಕೃಷ್ಣಾ ನದಿ ದಂಡೆ ಮೇಲೆ ವಿಹಾರ, ಚೈತ್ಯ, ದೇವಸ್ಥಾನ, ಸ್ನಾನಘಟ್ಟ ಎಲ್ಲಾ ಇತ್ತು, 1926ರಲ್ಲಿ ಈ ಅವಶೇಷಗಳು ಹೊರಗಿನವರ ಕಣ್ಣಿಗೆ ಬಿದ್ದವು, 1955ರ ಡಿಸೆಂಬರಲ್ಲಿ ನೆಹರೂ ಡ್ಯಾಮಿಗೆ ಅಡಿಗಲ್ಲು ಹಾಕಿದ್ರು, ಕಣಿವೆ ಮುಳುಗತ್ತೆ ಅಂತ ಗೊತ್ತಾದ್ಮೇಲೆ 1954ರಿಂದ 1960ರವರೆಗೆ ಇಡೀ ಕಣಿವೇನ ಅಗೆದ್ರು, ನೂರಕ್ಕೂ ಹೆಚ್ಚು ಜಾಗ. ಇಷ್ಟು ಹೇಳಿ ಅವನು ನೀರಿನ ಕಡೆ ಕೈ ತೋರ್ಸಿ "ಊರು ಈಗ ನಮ್ಮ ಕೆಳಗಿದೆ" ಅಂದ. ಬಸ್ಸಲ್ಲಿ ಬಂದ ಜನ ಎಲ್ಲಾ ಫೋನ್ ತೆಗ್ದು ನೀರಿನ ಫೋಟೋ ಹೊಡೆದ್ರು.

ಅಮ್ಮ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡ್ಲು.

ನಿಮ್ಗೆ ಗೊತ್ತಲ್ಲ, ಹೊಳೆಬಾಗಿಲಲ್ಲಿ ಶರಾವತಿ ಹಿನ್ನೀರು ದಾಟೋಕೆ ಲಾಂಚ್ ಹತ್ತಿದ್ರೆ ಅವಳು ಯಾವತ್ತೂ ಅಂಚಿಗೆ ಬರ್ತಿರ್ಲಿಲ್ಲ. ಸಿಗಂದೂರಿಗೆ ಎಷ್ಟು ಸಲ ಹೋಗಿದೀವಿ, ಪ್ರತಿ ಸಲ ಬಸ್ಸಿನ ಒಳಗೇ ಕೂತಿರ್ತಿದ್ಲು, ಸೆರಗು ಮುಖಕ್ಕೆ ಎಳ್ಕೊಂಡು. ಗಾಳಿ ಆಗಲ್ಲ ಅಂತಿದ್ಲು. ಅವಳ ಊರು ಮುಳುಗಿಸಿದ ಶರಾವತಿಯ ಲಿಂಗನಮಕ್ಕಿ ಡ್ಯಾಂ ಮುಗಿದಿದ್ದು 1964ರಲ್ಲಿ, ಅವಳಿಗೆ ಆಗ ಒಂಬತ್ತೋ ಹತ್ತೋ. ಇವತ್ತು ಮಾತ್ರ ಅಂಚಿನ ಸೀಟಲ್ಲೇ ಕೂತಿದ್ಲು, ಇಡೀ ದಾರಿ ನೀರನ್ನೇ ನೋಡ್ತಾ.

"ಇದು ಯಾವ ಹೊಳೆ ನೀರು?" ಅಂದ್ಲು.

ಕೃಷ್ಣೆ ಅಂದೆ.

"ನಮ್ಮ ಕಡೇದು ಎಂತದೂ ಇಲ್ವಾ ಇದ್ರಲ್ಲಿ?"

ಇಲ್ಲ ಅನ್ನೋಕೆ ಬಾಯಿ ತೆಗ್ದೆ, ಆಮೇಲೆ ಒಂದು ಕ್ಷಣ ಲೆಕ್ಕ ಹಾಕ್ದೆ. ಶರಾವತಿ ಅಂತೂ ಅಲ್ಲ, ಅದು ಜೋಗ ಇಳಿದು ಹೊನ್ನಾವರದಲ್ಲಿ ಸಮುದ್ರ ಸೇರತ್ತೆ. ಆದ್ರೆ ವರದೆ? ವರದಾಮೂಲದಲ್ಲಿ ಹುಟ್ಟಿ, ಬನವಾಸಿ ಸುತ್ತಿ, ಗಳಗನಾಥದಲ್ಲಿ ತುಂಗಭದ್ರೆಗೆ ಸೇರತ್ತೆ, ತುಂಗಭದ್ರೆ ಮಂತ್ರಾಲಯ, ಕರ್ನೂಲು ದಾಟಿ ಕೃಷ್ಣೆಗೆ ಸೇರತ್ತೆ, ಆಮೇಲೆ ಶ್ರೀಶೈಲದ ಡ್ಯಾಂ, ಆಮೇಲೆ ಇದೇ. ಹಾಗಾದ್ರೆ ಬರತ್ತಲ್ಲ! ನಾನೇ ಯಾವತ್ತೂ ಹೀಗೆ ಯೋಚನೆ ಮಾಡಿರ್ಲಿಲ್ಲ.

"ಅಮ್ಮಾ, ವರದೆ ನೀರು ಬರತ್ತೆ ಇಲ್ಲಿಗೆ."

"ಇಷ್ಟು ದೂರ?"

"ಇಷ್ಟು ದೂರ."

ಅವಳು ಎಂತದೂ ಹೇಳ್ಲಿಲ್ಲ. ಕೈ ಬಿಟ್ಲು, ಸೀಟಿಗೆ ಒರಗಿದ್ಲು.

ದ್ವೀಪ ಅಂದ್ರೆ ಅದು ನಿಜವಾಗಿ ಬೆಟ್ಟದ ತಲೆ, ಉಳಿದಿದ್ದೆಲ್ಲಾ ನೀರಲ್ಲಿದೆ. ಕೆಳಗಿನ ಕಟ್ಟಡಗಳ ಕಲ್ಲು ಇಟ್ಟಿಗೆ ಎಲ್ಲಾ ಬಿಚ್ಚಿ ಮೇಲೆ ತಂದು ಇಲ್ಲಿ ಒಂಬತ್ತನ್ನ ಪೂರ್ತಿ ಗಾತ್ರದಲ್ಲೇ ಮತ್ತೆ ಕಟ್ಟಿದಾರೆ, ಇನ್ನಷ್ಟನ್ನ ಚಿಕ್ಕದಾಗಿ ಮಾಡಿಟ್ಟಿದಾರೆ, ಇನ್ನು ಕೆಲವು ಆಚೆ ದಡದ ಅನುಪುನಲ್ಲಿ ಇವೆಯಂತೆ. ಮಹಾಚೈತ್ಯದ, ಅಂದ್ರೆ ದೊಡ್ಡ ಸ್ತೂಪದ, ನೆಲಗಟ್ಟು ನೋಡ್ಬೇಕು, ಗಾಡಿ ಚಕ್ರದ ಥರ, ಗುಂಭ, ಅರೆಕಾಲು, ಸುತ್ತು ಎಲ್ಲಾ ಇಟ್ಟಿಗೇಲಿ. ಕಟ್ಟಿಸಿದ್ದು ಚಾಂತಿಸಿರಿ, ರಾಜ ಚಾಂತಮೂಲನ ತಂಗಿಯೋ ಅಕ್ಕನೋ, ಅಂತೂ ಒಡಹುಟ್ಟಿದವಳು. ಆ ರಾಜ ಅಶ್ವಮೇಧ ಮಾಡಿದವನು, ಆದ್ರೆ ಮನೆ ಹೆಂಗಸರು ಬೌದ್ಧ ವಿಹಾರಕ್ಕೆ ಕೊಟ್ಟಿದಾರೆ, ಒಬ್ರಲ್ಲ ಇಬ್ರಲ್ಲ, ಶಾಸನದ ತುಂಬಾ ಹೆಂಗಸರ ಹೆಸರು. ಮ್ಯೂಸಿಯಮ್ಮಿನ ಶಿಲ್ಪಗಳ ಬಗ್ಗೆ ಬರೆಯೋಕೆ ಕೂತ್ರೆ ಬೆಳಗಾಗತ್ತೆ, ಆ ತಿಳಿ ಹಸಿರು ಬಣ್ಣದ ಸುಣ್ಣಕಲ್ಲು, ಅದ್ರಲ್ಲಿ ಬಟ್ಟೆ ಮಡಿಕೆ ಕೂಡಾ ಕಾಣೋ ಹಾಗೆ ಕೆತ್ತಿದಾರೆ. ಇನ್ನೊಂದ್ಸಲ ಬರೀತೀನಿ.

ಅಮ್ಮ ಶಿಲ್ಪ ನೋಡ್ಲಿಲ್ಲ. ಹೊರಗೆ ಮತ್ತೆ ಕಟ್ಟಿದ ಸ್ನಾನಘಟ್ಟದ ಹತ್ರ ನಿಂತಿದ್ಲು. ಮೆಟ್ಟಿಲುಗಳನ್ನ ಬಗ್ಗಿ ನೋಡ್ತಾ "ಇಷ್ಟು ಕಲ್ಲು ಮೇಲೆ ತಂದ್ಮೇಲೆ ಯಾವುದು ಎಲ್ಲಿಂದು ಅಂತ ಹೇಗೆ ಗೊತ್ತಾಗತ್ತೆ?" ಅಂದ್ಲು. ನಂಬರ್ ಹಾಕ್ಬೇಕಾಗತ್ತೆ, ಇಂಥ ಕೆಲಸಕ್ಕೆಲ್ಲಾ ಒಂದೊಂದು ಕಲ್ಲಿಗೂ ಗುರುತು ಮಾಡ್ತಾರೆ ಅಂದೆ.

"ಅಪ್ಪಯ್ಯನೂ ಹಾಕಿದ್ದ."

ನಂಗೆ ಅರ್ಥ ಆಗ್ಲಿಲ್ಲ.

"ಮನೆ ಬಿಚ್ಚುವಾಗ. ಪಕಾಸಿಗೆ, ತೊಲೆಗೆ, ಎಲ್ಲದಕ್ಕೂ ಟಾರಲ್ಲಿ ನಂಬರ್ ಬರೆದಿದ್ದ. ಗಾಡೀಲಿ ತಂದು ಹಾಗೇ ಜೋಡ್ಸಿದ್ದು."

ಮಾವನ ಮನೆ ಅಟ್ಟದಲ್ಲಿ ಆ ನಂಬರ್ ನಾನೂ ನೋಡಿದೀನಿ! ರಜೆಗೆ ಹೋದಾಗ ಮಕ್ಕಳೆಲ್ಲಾ ಅಲ್ಲೇ ಆಡ್ತಿದ್ವಿ, ಮಲಗಿಕೊಂಡು ಮೇಲೆ ನೋಡಿದ್ರೆ ಕಪ್ಪು ಕಪ್ಪು ಅಂಕಿ, 14 ಇದ್ದಿದ್ದು ನೆನಪಿದೆ, ಬಡಗಿ ಲೆಕ್ಕ ಅನ್ಕೊಂಡಿದ್ದೆ. ಇಷ್ಟು ವರ್ಷ. ಅವಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆ ಮನೆಯ ಮೇಲಿನ ಅರ್ಧ ನೀರಿಂದ ಎದ್ದು ಬಂದಿದ್ದು, ಕೆಳಗಿನ ಅರ್ಧ ಅಲ್ಲೇ ಉಳೀತು. ಗೋಡೆ ಮಣ್ಣಿಂದು, ತರೋಕೆ ಆಗಲ್ಲ. ತುಳಸಿಕಟ್ಟೆ ಬಿಟ್ಟು ಬಂದ್ವಿ, ಅಜ್ಜಿ ಗಿಡ ಮಾತ್ರ ಕಿತ್ತು ಮಡಿಲಲ್ಲಿ ಇಟ್ಕೊಂಡಿದ್ಲು ಅಂದ್ಲು. ಅಷ್ಟು ಹೇಳಿ ಸುಮ್ನಾದ್ಲು, ಯಾರೋ ಫೋಟೋಗೆ ಅಡ್ಡ ಆಗ್ತೀರಾ ಸ್ವಲ್ಪ ಸರೀರಿ ಅಂದ್ರು, ಸರಿದ್ವಿ.

ವಾಪಸ್ ಹೊರಡೋ ಹೊತ್ತಿಗೆ ಗೈಡ್ ಇನ್ನೊಂದು ಶಾಸನದ ಕಥೆ ಹೇಳ್ದ, ಅವಸರದಲ್ಲಿ, ಎರಡೇ ವಾಕ್ಯ. ನಾನು ಅವನನ್ನ ನಿಲ್ಸಿ ಇನ್ನೊಂದ್ಸಲ ಹೇಳಿಸ್ದೆ. ವೀರಪುರುಷದತ್ತ ಅನ್ನೋ ರಾಜನ ಮಗಳು ಕೊಡಬಲಿಸಿರಿ. ಅವಳನ್ನ ಮದುವೆ ಮಾಡಿ ಕೊಟ್ಟಿದ್ದು ವನವಾಸದ ಮಹಾರಾಜಂಗೆ. ವನವಾಸ ಅಂದ್ರೆ ನಮ್ಮ ಬನವಾಸಿ! ಕದಂಬರಿಗಿಂತ ಮುಂಚೆ. ಮುಂದೆ ಅವಳ ಒಡಹುಟ್ಟಿದ ಎಹುವಲ ಚಾಂತಮೂಲ ರಾಜ ಆಗಿದ್ದಾಗ, ಅವನ 11ನೇ ವರ್ಷದಲ್ಲಿ, ಅವಳು ಇಲ್ಲಿ ಬೌದ್ಧ ಆಚಾರ್ಯರಿಗೆ ಒಂದು ವಿಹಾರ ಮಾಡಿಸಿ ಕಂಬದ ಮೇಲೆ ಪ್ರಾಕೃತದಲ್ಲಿ ಬರೆಸಿದಾಳೆ, ಯಾರ ಮೊಮ್ಮಗಳು, ಯಾರ ಮಗಳು, ಯಾರ ಒಡಹುಟ್ಟು, ಯಾರ ಹೆಂಡತಿ ಎಲ್ಲಾ.

ಅಮ್ಮಂಗೆ ಹೇಳ್ದೆ. ಸೊರಬದ ಮೇಲೆ ಹೋದ್ರೆ ಬನವಾಸಿ ಎಷ್ಟು ಹತ್ರ, ಮಧುಕೇಶ್ವರನ ರಥೋತ್ಸವಕ್ಕೆ ಅವಳು ಚಿಕ್ಕಂದಿನಲ್ಲೇ ಹೋದವಳು.

"ಆಗ ಬಸ್ಸಿಲ್ಲ, ಎಂತದಿಲ್ಲ. ಬನವಾಸಿಯಿಂದ ಇಲ್ಲಿಗೆ ಬರೋಕೆ ಎಷ್ಟು ದಿನ ಬೇಕೋ" ಅಂದ್ಲು. ಆಮೇಲೆ "ಅಪ್ಪ ಇಲ್ಲದ ಮೇಲೂ ತವರಿಗೆ ಅಂತ ಮಾಡ್ಸಿದಾಳಲ್ಲ ಮಾರಾಯ್ತಿ" ಅಂದ್ಲು. ಆ ಶಬ್ದ ಬಳಸಿದ್ದು ಅವಳೇ, ತವರು. ನಾನು ನೆನಪಿರೋ ಹಾಗೆ ತನ್ನ ಬಗ್ಗೆ ಮಾತಾಡುವಾಗ ಅವಳು ಯಾವತ್ತೂ ತವರು ಅಂದವಳಲ್ಲ. ಅಣ್ಣನ ಮನೆ ಅಂತಾಳೆ. ಅಥವಾ ಸುಮ್ನೆ, ಮೇಲಿನ ಮನೆ.

ದೋಣಿ ಹತ್ತುವಾಗ ಮೆಟ್ಟಿಲ ಹತ್ರ ಬಗ್ಗಿ ಕೈ ನೀರಿಗೆ ಅದ್ದಿದ್ಲು. ಎರಡು ಕಣ್ಣಿಗೂ ಒತ್ತಿಕೊಂಡ್ಲು. ವರದೆಗೆ ಇರ್ಬೇಕು. ದೋಣಿಯವನು ಬೇಗ ಬೇಗ ಅಂತ ಕೂಗ್ತಿದ್ದ, ನಾನು ಅವನಿಗೆ ಒಂದು ನಿಮಿಷ ಅಂತ ಕೈ ಮಾಡ್ದೆ.

ಬಸ್ಸಲ್ಲಿ ಇಬ್ರೂ ಮಾತಾಡ್ಲಿಲ್ಲ. ತಮ್ಮ ಹೇಗಿತ್ತು ಅಂತ ಕೇಳಿದ್ದಕ್ಕೆ ಅಮ್ಮ "ಚೆನ್ನಾಗಿತ್ತು, ಬಿಸಿಲು" ಅಂದ್ಲು ಅಷ್ಟೇ. ಊಟ ಆದ್ಮೇಲೆ ಪಾತ್ರೆ ಒರೆಸ್ತಾ ಇದ್ದಕ್ಕಿದ್ದ ಹಾಗೆ ನನ್ನ ಕೇಳಿದ್ಲು, ಬೇಸಿಗೇಲಿ ನೀರು ಇಳಿದ್ರೆ ಅಲ್ಲೂ ಕೆಳಗಿನ ಊರು ಕಾಣತ್ತಾ ಅಂತ. ನಮ್ಮಲ್ಲಿ ಲಿಂಗನಮಕ್ಕಿ ನೀರಲ್ಲಿ ಮುಳುಗಿರೋ ಹಳೇ ಮಡೆನೂರು ಡ್ಯಾಂ ಏಳತ್ತಲ್ಲ, ಹಾಗೆ.

ಅದು ತುಂಬಾ ಆಳ ಅಮ್ಮಾ ಅಂದೆ.

"ನಮ್ಮದು ಕಾಣತ್ತೆ" ಅಂದ್ಲು. "ಒಂದು ವರ್ಷ ಮಳೆ ಕಮ್ಮಿ ಆಗಿತ್ತು ನೋಡು, ಆಗ ನಾನೂ ದೊಡ್ಡಮ್ಮನೂ ಹೋಗಿದ್ವಿ. ನಿಂಗೆ ಹೇಳಿಲ್ಲ."

ಎಂತ ಕಾಣ್ತು ಅಂದೆ. ಕೆಸರು, ಬಾವಿಕಟ್ಟೆ, ಅಂದ್ಲು, ಮತ್ತೆ ಇನ್ನೇನೋ ಹೇಳೋಕೆ ಹೊರಟವಳು ಪುಟ್ಟಿ ಬಂದಳು ಅಂತ ನಿಲ್ಸಿದ್ಲು. ದೊಡ್ಡಮ್ಮಂಗೆ ನಾಳೆ ಫೋನ್ ಮಾಡ್ಬೇಕು, ಆದ್ರೆ ಅಮ್ಮ ಹೇಳ್ದೆ ಇರೋದನ್ನ ಅವಳ ಹತ್ರ ಕೇಳೋದು ಸರಿನಾ, ಅಮ್ಮನೇ ಹೇಳ್ಲಿ ಅಂತ ಕಾಯೋಣ ಅಂದ್ರೆ ಅವಳಿಗೂ ಎಪ್ಪತ್ತಾಯ್ತು, ಪಕ್ಕದ ರೂಮಲ್ಲಿ ಲೈಟ್ ಹತ್ತಿತು ಈಗ