ಹಾಕಿದ್ದು ಒಂದು ಲಕ್ಷ, ಉಳಿದಿದ್ದೆಷ್ಟು?

ನನ್ನ ಅಕ್ಕನ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಮಳೆಗಾಲದಲ್ಲಿ ಮನೆಯಿಂದಲೇ ಕೆಲಸ ಅಂತ ಹೇಳಿ ಊರಿಗೆ ಬಂದುಬಿಡುತ್ತಾನೆ. ಊರು ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ. 2024ರ ಜುಲೈ ಕೊನೆಯಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ನೆಂಟರ ಮನೆಗೆ ಹೋದರೆ ಊಟಕ್ಕಿಂತ ಮೊದಲು ಯಾರದ್ದಾದರೂ ಲೆಕ್ಕ ಎದುರಿಗೆ ಬರುತ್ತದೆ.

"ಮಾವ, ಇದೊಂದು ನೋಡಿ. ಮೂರೂವರೆ ಸಾವಿರ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ತಿಲ್ಲ" ಅಂತ ಮೊಬೈಲ್ ಹಿಡಿದ.

ಸಂಗತಿ ಇಷ್ಟು. ಅವನು 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ರೂಪಾಯಿಗೆ ಬಿಟ್‌ಕಾಯಿನ್ ಅನ್ನುವ ಕ್ರಿಪ್ಟೋ ನಾಣ್ಯ (ಕಂಪ್ಯೂಟರಿನಲ್ಲೇ ಇರುವ ಡಿಜಿಟಲ್ ನಾಣ್ಯ) ಕೊಂಡಿದ್ದ. ಜನವರಿಯಲ್ಲಿ ಅಮೆರಿಕದಲ್ಲಿ ಬಿಟ್‌ಕಾಯಿನ್ ಇಟಿಎಫ್‌ಗಳಿಗೆ, ಅಂದರೆ ಷೇರಿನ ಹಾಗೆ ಕೊಂಡು ಮಾರುವ ಬಿಟ್‌ಕಾಯಿನ್ ನಿಧಿಗಳಿಗೆ, ಒಪ್ಪಿಗೆ ಸಿಕ್ಕಿತು, ಬೆಲೆ ಏರಿತು. ಫೆಬ್ರವರಿ ಮುಗಿಯುವ ಹೊತ್ತಿಗೆ ಅವನ ಒಂದು ಲಕ್ಷ 1,40,000 ಆಗಿತ್ತು. ಅದರಲ್ಲಿ 60,000 ರೂಪಾಯಿಯಷ್ಟನ್ನು ಮಾರಿದ. ಉಳಿದ 80,000ದ್ದನ್ನು ಕೊಟ್ಟು, ನಾಯಿಯ ಚಿತ್ರ ಇರುವ ಇನ್ನೊಂದು ನಾಣ್ಯ ತಗೊಂಡ. ಅದು ಮಾರ್ಚ್‌ನಲ್ಲಿ ಬಿತ್ತು. ಹೆದರಿ 50,000ಕ್ಕೆ ಮಾರಿ ಕೈತೊಳೆದುಕೊಂಡ. ಓದುವವರಿಗೆ ಸುಲಭವಾಗಲಿ ಅಂತ ಅಂಕಿಗಳ ಚಿಲ್ಲರೆ ತೆಗೆದಿದ್ದೇನೆ.

ಅವನ ಪ್ರಕಾರ ಹಾಕಿದ್ದು ಒಂದು ಲಕ್ಷ, ಬಂದಿದ್ದು 60,000 ಮತ್ತು 50,000. ಹತ್ತು ಸಾವಿರ ಲಾಭ. ಆದರೆ ಬ್ಯಾಂಕಿಗೆ ಬಂದಿದ್ದು ಒಂದು ಲಕ್ಷದ ಆರು ಸಾವಿರ ಚಿಲ್ಲರೆ ಮಾತ್ರ. ಆ್ಯಪ್‌ನವರು ಮೋಸ ಮಾಡಿದ್ದಾರೆ ಅಂತ ಅವನ ಗುಮಾನಿ.

ವ್ಯವಹಾರದ ಪೂರ್ತಿ ವಿವರ ಇಳಿಸಿಕೊಳ್ಳೋಣ ಅಂದರೆ ಕರೆಂಟ್ ಇಲ್ಲ, ವೈಫೈ ಇಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ತೋಟದ ಮೇಲಿನ ದಿಬ್ಬ ಹತ್ತಬೇಕು. ಕೊಡೆ ಹಿಡಿದು ಹೋದ, ಸೊಂಟದವರೆಗೆ ನೆನೆದು ಬಂದ. ಅಷ್ಟರಲ್ಲಿ ಅಕ್ಕ ಹಲಸಿನ ಹಪ್ಪಳ ಕರಿದಿದ್ದಳು. ಮಂಡಿಯಿಂದ ತಂದಿದ್ದ ಹಳೇ ಡೈರಿಯ ಹಾಳೆ ಹರಿದು ಜಗಲಿಯ ಮೇಲೆ ಕೂತೆವು.

ಮೊದಲು ಶುಲ್ಕ. ಅವನ ಆ್ಯಪ್ ಪ್ರತಿ ವ್ಯವಹಾರಕ್ಕೂ ಶೇ 0.5 ಹಿಡಿಯುತ್ತಿತ್ತು. ಕೊಳ್ಳುವಾಗ ಒಂದು ಲಕ್ಷ, ಮಾರುವಾಗ 60,000, ಅದಲು ಬದಲಿನ 80,000, ಕೊನೆಗೆ 50,000. ಒಟ್ಟು 2,90,000ದ ವ್ಯವಹಾರಕ್ಕೆ 1,450 ರೂಪಾಯಿ. ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಅಂದರೆ 261. ಎರಡೂ ಸೇರಿ 1,711. ಅರ್ಧ ಪರ್ಸೆಂಟ್ ತಾನೇ ಅಂತ ಅವನು ಇದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಅರ್ಧ ಪರ್ಸೆಂಟ್ ಬೀಳುವುದು ಲಾಭದ ಮೇಲಲ್ಲ, ಇಡೀ ಮೊತ್ತದ ಮೇಲೆ. ಅದೂ ಪ್ರತಿ ಸಲ.

ಎರಡನೆಯದು ಟಿಡಿಎಸ್. 2022ರ ಜುಲೈ 1ರಿಂದ ಇಂಥ ನಾಣ್ಯ ಮಾರಿದಾಗ ತೆರಿಗೆಯ ಲೆಕ್ಕಕ್ಕೆ ಅಂತ ಶೇ 1 ಹಿಡಿದುಕೊಂಡೇ ದುಡ್ಡು ಕೊಡುತ್ತಾರೆ. ಅವನು ಮಾರಿದ್ದು 60,000 ಮತ್ತು 50,000 ಅಂತ ಅವನ ತಲೆಯಲ್ಲಿತ್ತು. ಬಿಟ್‌ಕಾಯಿನ್ ಕೊಟ್ಟು ಬೇರೆ ನಾಣ್ಯ ತಗೊಂಡಿದ್ದೂ ಕಾನೂನಿನ ಲೆಕ್ಕದಲ್ಲಿ ಮಾರಿದ ಹಾಗೇ. ಹಾಗಾಗಿ ಒಟ್ಟು ಮಾರಾಟ 1,90,000, ಟಿಡಿಎಸ್ ಸುಮಾರು 1,900. 1,711 ಮತ್ತು 1,900 ಕೂಡಿಸಿದೆ. 3,611. ಕಳೆದುಹೋದ ಮೂರೂವರೆ ಸಾವಿರ ಸಿಕ್ಕಿತು.

"ಹಂಗಾದ್ರೆ ಮೋಸ ಆಗಿಲ್ಲ" ಅಂದ. ಮುಖದಲ್ಲಿ ಖುಷಿಗಿಂತ ನಿರಾಸೆಯೇ ಜಾಸ್ತಿ ಇತ್ತು. ಬೈಯೋಕೆ ಒಬ್ಬರು ಸಿಕ್ಕಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸಿರಬೇಕು.

"ಟಿಡಿಎಸ್ ಕಳೆದ ದುಡ್ಡಲ್ಲ, ಮುಂಗಡ ಕಟ್ಟಿದ ತೆರಿಗೆ, ಲೆಕ್ಕಕ್ಕೆ ಜಮಾ ಸಿಗತ್ತೆ" ಅಂದಾಗ ಸ್ವಲ್ಪ ಗೆಲುವಾದ. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ತೆರಿಗೆ ಇನ್ನೂ ಬಾಕಿ ಇತ್ತು.

ಭಾವ ಅಲ್ಲೇ ಪಕ್ಕದಲ್ಲಿ ಕೂತಿದ್ದರು. ಅಡಿಕೆ ತೋಟದ ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಸಬೇಕು, ಮಳೆ ಹೊಳವಾಗುತ್ತಿಲ್ಲ, ಮರ ಹತ್ತುವ ಕೊನೆಗಾರ ದಿನಾ ಫೋನ್ ಮಾಡಿ ನಾಳೆ ಅನ್ನುತ್ತಾನೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದರ ಜೊತೆ ಮರ ಹತ್ತುವವನ ಕೂಲಿ, ಕೊಯ್ಲು, ಸುಲಿತ, ಬೇಯಿಸುವುದು, ಮಂಡಿಗೆ ಸಾಗಿಸುವ ಬಾಡಿಗೆ. ಇಷ್ಟೆಲ್ಲ ಕಳೆದ ಮೇಲೆ ಉಳಿದಿದ್ದನ್ನು ಮಾತ್ರ ಭಾವ ಲಾಭ ಅನ್ನುತ್ತಾರೆ. ಒಂದು ತೋಟದಲ್ಲಿ ಕೊಳೆ ಬಂದು ಹೋದರೆ ಇನ್ನೊಂದರ ಫಸಲಲ್ಲಿ ಅದನ್ನ ತೂಗಿಸುತ್ತಾರೆ. ಹಾಗಾಗಿ ಮುಂದಿನ ಲೆಕ್ಕ ಅವರಿಗೆ ಒಂಚೂರೂ ಹಿಡಿಸಲಿಲ್ಲ.

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಸಂಬಳ ಕಡಿಮೆ, ಹೆಚ್ಚು ಅನ್ನುವ ಭೇದವಿಲ್ಲ. ಕೊಂಡ ಬೆಲೆ ಬಿಟ್ಟರೆ ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಕೊಳ್ಳುವಾಗ ಕೊಟ್ಟ ಶುಲ್ಕವನ್ನು ಕೊಂಡ ಬೆಲೆಗೇ ಸೇರಿಸಬಹುದಾ ಅನ್ನುವುದರಲ್ಲಿ ಆಡಿಟರ್‌ಗಳಲ್ಲೇ ಎರಡು ಮಾತಿದೆ. ಐನೂರು ರೂಪಾಯಿಗೆ ನೋಟಿಸಿನ ತಲೆನೋವು ಬೇಡ ಅಂತ ನಾನು ಸೇರಿಸಲಿಲ್ಲ.

ಈಗ ಹುಡುಗನ ಲೆಕ್ಕ. ಬಿಟ್‌ಕಾಯಿನ್‌ನಲ್ಲಿ ಲಾಭ 40,000. ನಾಯಿ ನಾಣ್ಯದಲ್ಲಿ ನಷ್ಟ 30,000. ತೆರಿಗೆ ಬೀಳುವುದು ಪೂರ್ತಿ 40,000ಕ್ಕೆ: 12,000, ಸೆಸ್ 480, ಒಟ್ಟು 12,480. ಅವನು ಹೇಳುತ್ತಿದ್ದ ಲಾಭವೇ 10,000. ಅದರಲ್ಲಿ ಶುಲ್ಕ ಕಳೆದರೆ 8,289. ತೆರಿಗೆಯನ್ನೂ ಕಳೆದರೆ 4,191 ರೂಪಾಯಿ ಕೈಯಿಂದಲೇ ಹೋಯಿತು.

ಹುಡುಗ ಹಾಳೆ ತಿರುಗಿಸಿ ತಾನೇ ಇನ್ನೊಮ್ಮೆ ಕೂಡಿದ. ಅಷ್ಟೇ ಬಂತು.

"ಇದ್ಯಾವ ನ್ಯಾಯ ಮಾರಾಯಾ?" ಅಂದರು ಭಾವ. "ಗೆದ್ದಿದ್ದಕ್ಕೆ ಪಾಲು ಬೇಕು, ಸೋತಿದ್ದು ಮಾತ್ರ ಅವನದೊಬ್ಬನದೇನಾ?" ಮಗ ಈ ವ್ಯವಹಾರಕ್ಕೆ ಇಳಿದಿದ್ದು ಅವರಿಗೆ ಮೊದಲಿಂದಲೂ ಇಷ್ಟವಿಲ್ಲ. ಆದರೂ ಆ ಹೊತ್ತಿಗೆ ಮಗನ ಪರವೇ ನಿಂತರು. ನನಗೂ ಈ ನಿಯಮ ಸರಿ ಕಾಣುವುದಿಲ್ಲ. ಜೂಜಿನ ಗೀಳು ಬಿಡಿಸಬೇಕು ಅನ್ನುವುದು ಸರ್ಕಾರದ ಮನಸ್ಸಲ್ಲಿದ್ದರೆ ಇರಬಹುದು, ಆದರೆ ನಷ್ಟವನ್ನು ಕಣ್ಣೆತ್ತಿಯೂ ನೋಡದ ಲೆಕ್ಕವನ್ನು ಲೆಕ್ಕ ಅನ್ನೋಕೆ ನನ್ನ ಕೈ ಬರುವುದಿಲ್ಲ.

ಹುಡುಗ ಮೆಲ್ಲಗೆ, "ಮಾವ, ತೋರಿಸದೇ ಇದ್ರೆ?" ಅಂದ. ಟಿಡಿಎಸ್ ಹಿಡಿದಿದ್ದಾರೆ ಅಂದರೆ ಅವನ ಪ್ಯಾನ್ ನಂಬರಿನ ಎದುರು ಆ ಮಾರಾಟ ಆಗಲೇ ದಾಖಲಾಗಿದೆ. ಹಿಡಿದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ತೆಗೆದರೆ ಅವನಿಗೇ ಕಾಣುತ್ತದೆ. ಪ್ರತಿ ವರ್ಷ ತುಂಬುತ್ತಿದ್ದ, ಸಂಬಳದವರ ಸರಳ ರಿಟರ್ನ್ ಆದ ಸಹಜ್ ಫಾರ್ಮ್ ಇದಕ್ಕೆ ನಡೆಯುವುದಿಲ್ಲ. ಐಟಿಆರ್-2 ಅನ್ನುವ ಇನ್ನೊಂದು ರಿಟರ್ನ್ ಫಾರ್ಮಿನಲ್ಲಿ ಇದಕ್ಕೇ ಬೇರೆ ಪಟ್ಟಿ ಇದೆ. ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ, ಒಂದೊಂದನ್ನೂ ಸಾಲಾಗಿ ಬರೆಯಬೇಕು. 12,480ರಲ್ಲಿ ಟಿಡಿಎಸ್ 1,900 ಹೋಗಿ 10,580 ಕಟ್ಟುವುದು ಬಾಕಿ. ಕರೆಂಟ್ ಬಂದ ರಾತ್ರಿಯೇ ಕೂತು ತುಂಬಿದೆವು. ಒಟಿಪಿಗೆ ಅವನು ಮತ್ತೆ ಕೊಡೆ ಹಿಡಿದು ದಿಬ್ಬಕ್ಕೆ ಓಡಿದ. ಬಂದು ಒತ್ತುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೇ ಸಲ ಮಳೆಯಲ್ಲೇ ನಿಂತು ಫೋನಿನಲ್ಲೇ ಒತ್ತಿ ಬಂದ.

ಮಾರನೇ ದಿನ ತಿಂಡಿಯ ಹೊತ್ತಿಗೆ ಹೊಸ ಯೋಜನೆ ಸಿದ್ಧವಾಗಿತ್ತು. "ಇನ್ಮೇಲೆ ದೊಡ್ಡ ಆಸೆ ಇಲ್ಲ ಮಾವ. ದಿನಾ ಶೇ 1 ಬಂದ್ರೆ ಸಾಕು, ಮಾರಿಬಿಡ್ತೀನಿ."

ಅದನ್ನೂ ಬರೆದೇ ನೋಡಿದೆವು. ಒಂದು ಲಕ್ಷಕ್ಕೆ ಕೊಂಡರೆ ಶುಲ್ಕ, ಜಿಎಸ್‌ಟಿ ಸೇರಿ 590. ಮಾರುವಾಗ ಮತ್ತೆ ಸುಮಾರು ಅಷ್ಟೇ. ಶೇ 1 ಏರಿದರೆ ಬರುವುದೇ 1,000, ಶುಲ್ಕಕ್ಕೇ ಅದು ಸಾಲದು. ಶುಲ್ಕ ಕಳೆಯೋಕೆ ಬಿಡದೇ ಆ 1,000ಕ್ಕೂ 312 ತೆರಿಗೆ. ಕೊಂಡಿದ್ದು 1,01,730ರ ಆಸುಪಾಸಿಗೆ ಏರಿದರೆ ಮಾತ್ರ ಅಸಲು ಸರಿಹೋಗುತ್ತದೆ. ಮೇಲಿಂದ ಪ್ರತಿ ಮಾರಾಟಕ್ಕೂ ಶೇ 1 ಟಿಡಿಎಸ್. ಅದೇ ದುಡ್ಡನ್ನು ತಿರುಗಿಸಿ 20 ಸಲ ಮಾರಿದರೆ ಬಂಡವಾಳದ ಶೇ 18ರಷ್ಟು ಹೋಗಿ ಸರ್ಕಾರದ ಹತ್ತಿರ ಕೂರುತ್ತದೆ. ತೆರಿಗೆಗಿಂತ ಹೆಚ್ಚಾಗಿದ್ದು ವಾಪಸ್ ಬರುತ್ತದೆ ನಿಜ, ಆದರೆ ರಿಟರ್ನ್ ತುಂಬಿದ ಮೇಲೆ. ಅಲ್ಲಿವರೆಗೆ ವ್ಯಾಪಾರ ಯಾವ ದುಡ್ಡಲ್ಲಿ?

"ಮಾರದೇ ಸುಮ್ನೆ ಇಟ್ಕೊಂಡ್ರೆ?" ಅಂದ.

"ಮಾರೋವರೆಗೂ ತೆರಿಗೆ ಇಲ್ಲ. ಆದ್ರೆ ಅದು ನಾಳೆ ಏರತ್ತೋ ಇಳಿಯತ್ತೋ, ಅದನ್ನ ನನ್ನ ಕೇಳ್ಬೇಡ" ಅಂದೆ. ಹೊಸ ನಾಣ್ಯ ಕೊಂಡನೋ ಬಿಟ್ಟನೋ ನಾನು ಕೇಳಿಲ್ಲ. ಶುಲ್ಕ, ಜಿಎಸ್‌ಟಿ, ಟಿಡಿಎಸ್, ತೆರಿಗೆ ಅಂತ ನಾಲ್ಕು ಕಾಲಂ ಹಾಕಿದ ಎಕ್ಸೆಲ್ ಹಾಳೆಯನ್ನು ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಿದ್ದ. ತೆರಿಗೆ ಕಾಲಂನಲ್ಲಿ ಸೆಸ್ ಬಿಟ್ಟುಹೋಗಿತ್ತು. ಸೇರಿಸಿ ವಾಪಸ್ ಕಳಿಸಿದೆ.