ವಾರ್ಸಾದ ಭೂಗತ ಹೋರಾಟದ ಜಾಡು: ಹೋಗುವವರಿಗೆ ಒಂದಿಷ್ಟು ಮಾತು

ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾ ಜರ್ಮನ್ನರ ವಶದಲ್ಲಿತ್ತು. ಅವರ ವಿರುದ್ಧ ಪೋಲಿಷ್ ಭೂಗತ ಸೇನೆ 1944ರಲ್ಲಿ ಎದ್ದ ದಂಗೆಯ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಸುಲಭ. ದಾಶಿನ್‌ಸ್ಕೆಗೊ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಆಯಿತು. ಮಂಗಳವಾರ ರಜೆ, ಅದೊಂದು ನೆನಪಿರಲಿ. ಹಳೆಯ ಟ್ರಾಮ್ ವಿದ್ಯುತ್ ಸ್ಥಾವರದೊಳಗೆ ದಂಗೆಕೋರರು ನೆಲದಡಿ ಓಡಾಡುತ್ತಿದ್ದ ಚರಂಡಿಯ ಮಾದರಿಯೊಂದಿದೆ, ಬಗ್ಗಿಕೊಂಡು ಹಾಯಬಹುದು. ಅಲ್ಲಿ ಗಬ್ಬು ನೀರಿಲ್ಲ, ಮೇಲೆ ಜರ್ಮನ್ ಸೈನಿಕರಿಲ್ಲ. ಆದ್ದರಿಂದ ಅಲ್ಲಿಗೇ ಪ್ರವಾಸ ಮುಗಿಸಬೇಡಿ.

ಹತ್ತಿರದ ಪ್ರೋಸ್ತಾ ಬೀದಿಯಲ್ಲಿ ಸ್ಮಾರಕವೊಂದಿದೆ. ಜರ್ಮನ್ನರು ಯಹೂದಿಗಳನ್ನು ಕೂಡಿಹಾಕಿದ್ದ, ಆಗ ಹೊತ್ತಿ ಉರಿಯುತ್ತಿದ್ದ ಘೆಟ್ಟೊದಿಂದ ಕೆಲವು ಹೋರಾಟಗಾರರು 1943ರ ಮೇ ತಿಂಗಳಲ್ಲಿ ಚರಂಡಿಯ ಮೂಲಕ ಹೊರಬಂದದ್ದು ಇಲ್ಲಿ. ಆಮೇಲೆ ಕ್ರಾಶಿನ್‌ಸ್ಕಿ ಚೌಕಕ್ಕೆ ಹೋಗಿ. ಮರುವರ್ಷ ಸೆಪ್ಟೆಂಬರ್ ಆರಂಭದಲ್ಲಿ ದಂಗೆಕೋರರು ಹಳೇ ಪಟ್ಟಣ ಕೈಬಿಡುವಾಗ ಸಾವಿರಾರು ಜನ ಈ ಮೂಲೆಯ ಚರಂಡಿ ಮುಚ್ಚಳ ತೆರೆದು ನೆಲದಡಿಗೆ ಇಳಿದರು. ದೊಡ್ಡ ಸ್ಮಾರಕ ಎಲ್ಲರ ಕಣ್ಣಿಗೂ ಬೀಳುತ್ತದೆ, ಮುಚ್ಚಳವನ್ನು ಹುಡುಕಬೇಕು.

ನನಗೆ ಬಂದೂಕಿಗಿಂತ ಹೆಚ್ಚು ಹಿಡಿಸಿದ್ದು ಅದಕ್ಕೂ ಹಿಂದಿನ ವರ್ಷಗಳ ಕಿಡಿಗೇಡಿತನ. ಜರ್ಮನ್ನರು ನಡೆಸುತ್ತಿದ್ದ ಚಿತ್ರಮಂದಿರಗಳ ಮೇಲೆ ಹುಡುಗರು ‘ಸಿನಿಮಾದಲ್ಲಿ ಕೂರುವುದು ಹಂದಿಗಳು ಮಾತ್ರ’ ಎಂದು ಬರೆದು ಓಡುತ್ತಿದ್ದರು. ನಿಷೇಧಕ್ಕೊಳಗಾದ ವಿಶ್ವವಿದ್ಯಾಲಯದ ಪಾಠಗಳು ಮನೆಗಳಲ್ಲಿ ಗುಟ್ಟಾಗಿ ನಡೆಯುತ್ತಿದ್ದವು. ‘ಹೋರಾಡುವ ಪೋಲೆಂಡ್’ ಎಂಬುದರ ಪೋಲಿಷ್ ಮೊದಲಕ್ಷರಗಳಾದ ‘ಪಿ’ ಮತ್ತು ‘ಡಬ್ಲ್ಯು’ ಸೇರಿ ಲಂಗರಿನ ಆಕಾರ ತಾಳಿದ ಗುರುತು ಅಂದಿನ ಗೋಡೆಗಳಲ್ಲಿ ಕಾಣಿಸಿಕೊಂಡದ್ದು; ಇಂದೂ ಊರೆಲ್ಲ ಇದೆ.

ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಶುಖಾ ಬೀದಿಗೆ ಹೋಗಬೇಕು. ಈಗ ಶಿಕ್ಷಣ ಸಚಿವಾಲಯವಿರುವ ಆ ಕಟ್ಟಡ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದ ಕಚೇರಿಯಾಗಿತ್ತು. ನೆಲಮಾಳಿಗೆಯ ಕೋಣೆಗಳಲ್ಲಿ ಬೆಂಚುಗಳು ಒಂದರ ಹಿಂದೊಂದು ಇವೆ. ವಿಚಾರಣೆಗೆ ಕಾಯುವವರು ಗೋಡೆಗೆ ಮುಖಮಾಡಿ, ತುಟಿಪಿಟಕ್ಕೆನ್ನದೆ ಕೂರಬೇಕಿತ್ತು. ಕೈದಿಗಳು ಆ ಕೋಣೆಗಳನ್ನು ‘ಟ್ರಾಮ್’ ಎನ್ನುತ್ತಿದ್ದರು. ಗೋಡೆಯ ಮೇಲೆ ಅವರು ಕೆತ್ತಿದ ಬರಹ ಉಳಿದಿದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಅದೇ ದಿನ ಬೇರೇನನ್ನೂ ನೋಡುವ ಮನಸ್ಸು ಉಳಿಯುವುದಿಲ್ಲ, ಕೊನೆಗಿಟ್ಟುಕೊಳ್ಳಿ.

ಆಗಸ್ಟ್ 1ಕ್ಕೆ ಅಲ್ಲಿರುವಂತಾದರೆ ಒಳ್ಳೆಯದು, ಕೋಣೆ ಮಾತ್ರ ಬೇಗ ಕಾದಿರಿಸಿ. ದಂಗೆ ಶುರುವಾದ ಸಂಜೆ 5 ಗಂಟೆಗೆ ಸೈರನ್ ಮೊಳಗಿ ಊರೇ ಒಂದು ನಿಮಿಷ ನಿಲ್ಲುತ್ತದೆ. ಆಗ ಮೊಬೈಲ್ ಎತ್ತದೆ ನೀವೂ ನಿಲ್ಲಿ.

ಸಸ್ಯಾಹಾರಿಗಳಿಗೆ ‘ಬಾರ್ ಮ್ಲೆಚ್ನಿ’ ಎಂಬ ಅಗ್ಗದ ಊಟದ ಮನೆಗಳಲ್ಲಿ ಆಲೂಗೆಡ್ಡೆ, ಗಿಣ್ಣಿನ ಪಿಯೆರೋಗಿ ಎಂಬ ಕಡುಬು ಸಿಗುತ್ತದೆ. ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವುದುಂಟು, ಬೇಡವೆಂದು ಮೊದಲೇ ಹೇಳಿ. ಟ್ರಾಮ್ ಹತ್ತಿದೊಡನೆ ಕಾಗದದ ಟಿಕೆಟನ್ನು ಅಲ್ಲಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಟಿಕೆಟ್ ಕೈಯಲ್ಲಿದ್ದರೂ ಮುದ್ರೆಯಿಲ್ಲದಿದ್ದರೆ ದಂಡ ತಪ್ಪದು.