ನಾಲ್ಕು ಟ್ಯೂಬಿನ ಟಿಬಿ ಟೆಸ್ಟ್

‘ಟಿಬಿ ಗೋಲ್ಡ್’ ಅಂತ ಬರೆದ ಚೀಟಿ ಹಿಡಿದು ಬಂದವರು ಮೊದಲು ಕೇಳುವುದು, ‘ಇಷ್ಟೊಂದು ರಕ್ತ ಯಾಕೆ?’ ಅಂತ. ಜಾಸ್ತಿ ಏನಿಲ್ಲ, ಟ್ಯೂಬಿಗೆ 1 ಮಿಲಿಯಂತೆ ನಾಲ್ಕು. ಮುಚ್ಚಳಗಳ ಬಣ್ಣ ನೋಡಿಯೇ ಅರ್ಧ ಜನ ಗಾಬರಿಯಾಗುತ್ತಾರೆ. ಲ್ಯಾಬಿನಲ್ಲಿ ಈ ಟೆಸ್ಟ್ ನನ್ನ ಪಾಲಿನದು.

ರಕ್ತದಲ್ಲಿ ನಾವು ಟಿಬಿ ಬ್ಯಾಕ್ಟೀರಿಯಾ ಹುಡುಕುವುದಿಲ್ಲ. ಹಸಿರು, ಹಳದಿ ಮುಚ್ಚಳದ ಟ್ಯೂಬುಗಳ ಒಳಗೋಡೆಗೆ ಅದರ ಪ್ರೋಟೀನ್ ತುಣುಕುಗಳನ್ನು ಸವರಿರುತ್ತಾರೆ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನಿಮ್ಮ ಟಿ ಕಣಗಳಿಗೆ ಅದರ ಪರಿಚಯ ಮೊದಲೇ ಇದ್ದರೆ ಇಂಟರ್‌ಫೆರಾನ್ ಗಾಮಾ ಎಂಬ ಎಚ್ಚರಿಕೆಯ ರಾಸಾಯನಿಕ ಬಿಡುತ್ತವೆ. ಟ್ಯೂಬುಗಳನ್ನು 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟು, ಆಮೇಲೆ ಅಳೆಯುವುದು ಅದನ್ನೇ. ಆ ಪ್ರೋಟೀನುಗಳು ಬಿಸಿಜಿ ಲಸಿಕೆಯಲ್ಲಿ ಇಲ್ಲ. ಹಾಗಾಗಿ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಟೆಸ್ಟಿನಂತೆ ಲಸಿಕೆಯ ಕಾರಣಕ್ಕೆ ಪಾಸಿಟಿವ್ ಬರುವುದಿಲ್ಲ.

ಟ್ಯೂಬುಗಳನ್ನು ಹತ್ತು ಸಲ ಕುಲುಕಬೇಕು, ಒಳಗೋಡೆಯೆಲ್ಲ ರಕ್ತ ತಾಗುವಂತೆ. ಹೊಸದಾಗಿ ಸೇರಿದವರು ಕೆಮ್ಮಿನ ಸಿರಪ್ ಬಾಟಲಿಯಂತೆ ಜೋರಾಗಿ ಅಲ್ಲಾಡಿಸುತ್ತಾರೆ. ಅದು ತಪ್ಪು.

ನನಗೆ ಮುಖ್ಯ ಅನಿಸುವುದು ಯಾರೂ ಮಾತಾಡದ ಉಳಿದೆರಡು ಟ್ಯೂಬು. ಬೂದು ಮುಚ್ಚಳದ್ದರಲ್ಲಿ ಪ್ರೋಟೀನ್ ಇರುವುದಿಲ್ಲ. ರಕ್ತದಲ್ಲಿ ಸುಮ್ನೆ ಇರುವ ಇಂಟರ್‌ಫೆರಾನ್ ಎಷ್ಟು ಅಂತ ಅದು ಹೇಳುತ್ತದೆ. ನೇರಳೆಯದರಲ್ಲಿ ಟಿ ಕಣಗಳನ್ನು ಕೆಣಕುವ ಮೈಟೋಜೆನ್ ಎಂಬ ವಸ್ತು ಇದೆ. ಟಿಬಿ ಕಂಡಿರಲಿ ಬಿಡಲಿ, ಆರೋಗ್ಯವಾಗಿರುವ ಟಿ ಕಣಗಳು ಅದಕ್ಕೆ ಎದ್ದು ಕೂರಲೇಬೇಕು. ಅಲ್ಲೂ ಸದ್ದಿಲ್ಲದಿದ್ದರೆ ಎರಡು ಸಾಧ್ಯತೆ. ರೋಗಿಯ ರೋಗನಿರೋಧಕ ಶಕ್ತಿಯನ್ನು ಸ್ಟೀರಾಯ್ಡ್, ಎಚ್‌ಐವಿಯಂಥದ್ದು ಕುಗ್ಗಿಸಿರಬಹುದು. ಇಲ್ಲವೇ ರಕ್ತ ಇನ್‌ಕ್ಯುಬೇಟರ್ ಸೇರುವುದು ತಡವಾಗಿರಬಹುದು. ಆಗ ರಿಪೋರ್ಟಿನಲ್ಲಿ ‘ಇನ್‌ಡಿಟರ್ಮಿನೇಟ್’ ಅಂತ ಬರುತ್ತದೆ. ‘ಅಂದ್ರೆ ಅರ್ಧ ಪಾಸಿಟಿವಾ?’ ಅಂತ ಫೋನ್ ಬರುತ್ತದೆ. ಅಲ್ಲ. ಟೆಸ್ಟು ಉತ್ತರವನ್ನೇ ಕೊಡಲಿಲ್ಲ ಅಂತ ಅರ್ಥ.

ಹಸಿರು, ಹಳದಿ ಟ್ಯೂಬಿನ ಅಂಕಿಯಿಂದ ಬೂದು ಟ್ಯೂಬಿನದನ್ನು ಕಳೆದ ಮೇಲೆ 0.35ರ ಗೆರೆ ಇದೆ, ಅಲ್ಲಿಂದ ಮೇಲೆ ಪಾಸಿಟಿವ್. 0.33 ಬಂದವರು ನಿರಾಳವಾಗಿ ಹೋಗುತ್ತಾರೆ, 0.37 ಬಂದವರ ಮುಖ ಬಾಡುತ್ತದೆ. ಇನ್ನೊಮ್ಮೆ ಮಾಡಿದರೆ ಇಬ್ಬರೂ ಗೆರೆಯ ಆಚೀಚೆ ಆಗಬಹುದು! ಅದಕ್ಕೇ ಬರೀ ಪಾಸಿಟಿವ್, ನೆಗೆಟಿವ್ ನೋಡಬೇಡಿ, ಅಂಕಿಯನ್ನೂ ಡಾಕ್ಟರಿಗೆ ತೋರಿಸಿ ಅಂತ ನಾನು ಹೇಳುವುದು.

ಪಾಸಿಟಿವ್ ಬಂದರೂ ಅದು ಸೋಂಕಿನ ಸುಳಿವು ಅಷ್ಟೆ. ಸೋಂಕು ಮಲಗಿದೆಯೋ, ಕಾಯಿಲೆಯಾಗಿ ಎದ್ದಿದೆಯೋ ಈ ಟೆಸ್ಟಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಎಕ್ಸ್‌ರೇ, ಕಫದ ಪರೀಕ್ಷೆ ಬೇಕು. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ.

ಟಿಬಿ ಮಾತ್ರೆ ಮುಗಿಸಿದವರು ‘ಈಗ ನೆಗೆಟಿವ್ ಆಯ್ತಾ ನೋಡಿ’ ಅಂತ ತಾವಾಗಿಯೇ ಬರುತ್ತಾರೆ. ವರ್ಷಗಟ್ಟಲೆ ಪಾಸಿಟಿವ್ ಆಗಿಯೇ ಉಳಿಯಬಹುದು, ಗುಣವಾಯಿತೋ ಇಲ್ಲವೋ ಅನ್ನುವುದಕ್ಕೆ ಇದು ಅಳತೆಗೋಲಲ್ಲ. ಎಷ್ಟು ಹೇಳಿದರೂ ಕೆಲವರು ರಕ್ತ ಕೊಡಲು ಅಂಗಿಯ ತೋಳು ಮಡಚಿಯೇ ಕೂರುತ್ತಾರೆ.